ಎದೆಹಾಲಿನ ಬಗ್ಗೆ ಬರೆಯುವಾಗ ಇದ್ದಷ್ಟನ್ನೇ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಆಗಸ್ಟ್ ಮೊದಲ ವಾರ ಅಂದರೆ ವಿಶ್ವ ಸ್ತನ್ಯಪಾನ ಸಪ್ತಾಹ. ನಿಮ್ಮ ಪುರವಣಿಯಲ್ಲೂ ಈ ಸಲ ಎದೆಹಾಲಿನ ಬಗ್ಗೆ ದೊಡ್ಡ ಲೇಖನ ಬಂತು. ಬಂದಿದ್ದು ಖುಷಿ. ಆದರೆ ಅದರಲ್ಲಿ ಲಾಭಗಳ ಪಟ್ಟಿ ಕೊಟ್ಟ ರೀತಿ ನನಗೆ ಸರಿ ಅನಿಸಲಿಲ್ಲ. ಭೇದಿ ಬರುವುದಿಲ್ಲ, ಅಲರ್ಜಿ ಬರುವುದಿಲ್ಲ, ಆಸ್ತಮಾ ಬರುವುದಿಲ್ಲ, ಬೊಜ್ಜು ಬರುವುದಿಲ್ಲ, ಮಗು ಬುದ್ಧಿವಂತ ಆಗುತ್ತದೆ, ಎಲ್ಲವೂ ಒಂದೇ ಉಸಿರಿನಲ್ಲಿ. ಸಾಲದ್ದಕ್ಕೆ, ಎದೆಹಾಲು ಸಿಗದ ಮಕ್ಕಳು ಬುದ್ಧಿಯಲ್ಲಿ ಹಿಂದೆ ಬೀಳುತ್ತಾರೆ ಅನ್ನುವ ಅರ್ಥದ ಒಂದು ಸಾಲು ಬೇರೆ.

ನಾನು ಬಹಳ ವರ್ಷಗಳಿಂದ ಪ್ರಸೂತಿ ವಾರ್ಡಿನಲ್ಲಿ ನರ್ಸ್. ಇಂಥ ಲೇಖನ ಯಾರ ಕೈಗೆ ಹೋಗುತ್ತದೆ ಅಂತ ನನಗೆ ಗೊತ್ತು. ಹೆರಿಗೆಯಾಗಿ ಮೂರನೇ ದಿನ, ನಿದ್ದೆ ಇಲ್ಲ, ಹೊಲಿಗೆ ನೋಯುತ್ತಿದೆ, ತೊಟ್ಟು ಬಿರುಕು ಬಿಟ್ಟಿದೆ, ಮಗು ಅಳು ನಿಲ್ಲಿಸುತ್ತಿಲ್ಲ. ಅಂಥ ಹೊತ್ತಿನಲ್ಲಿ ಯಾರೋ ಒಬ್ಬರು ಆ ಬಾಣಂತಿಯ ಮೊಬೈಲಿಗೆ ಇದನ್ನು ಕಳಿಸಿರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಅವಳು ಓದುತ್ತಾಳೆ. ಓದಿ ಅವಳಿಗೆ ಹಾಲು ಜಾಸ್ತಿ ಬರುವುದಿಲ್ಲ, ಅಳು ಬರುತ್ತದೆ. ಅದಕ್ಕೇ ಈ ಪತ್ರ. ಎದೆಹಾಲಿನ ಬಗ್ಗೆ ಸಂಶೋಧನೆ ಏನು ಹೇಳುತ್ತದೋ ಅದನ್ನು ಇದ್ದಷ್ಟೇ ಹೇಳಿ. ಇದ್ದಷ್ಟೇ ಬೇಕಾದಷ್ಟಿದೆ, ಉಬ್ಬಿಸುವ ಅಗತ್ಯವೇ ಇಲ್ಲ.

ಮೊದಲು ಗಟ್ಟಿಯಾದದ್ದನ್ನು ಹೇಳುತ್ತೇನೆ. ಸೋಂಕಿನ ವಿಷಯದಲ್ಲಿ ಯಾವ ಅನುಮಾನವೂ ಬೇಡ. 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಎದೆಹಾಲಿನ ಬಗ್ಗೆ ಅದುವರೆಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಸರಣಿ ಪ್ರಕಟಿಸಿತು. ಎದೆಹಾಲು ಕುಡಿಯುವುದರಿಂದ ಭೇದಿಯ ಪ್ರಕರಣಗಳಲ್ಲಿ ಸುಮಾರು ಅರ್ಧ, ಉಸಿರಾಟದ ಸೋಂಕಿನಲ್ಲಿ ಸುಮಾರು ಮೂರನೇ ಒಂದು ಭಾಗ ತಪ್ಪುತ್ತದೆ ಅಂತ ಅದರಲ್ಲಿದೆ. ಆಸ್ಪತ್ರೆ ಸೇರುವಷ್ಟು ಜೋರಾದ ಕಾಯಿಲೆಯ ಲೆಕ್ಕ ತೆಗೆದರೆ ಇನ್ನೂ ಜಾಸ್ತಿ. ಭೇದಿಗೆ ಶೇ 72, ಉಸಿರಾಟದ ಸೋಂಕಿಗೆ ಶೇ 57. ಜಗತ್ತಿನಲ್ಲಿ ಎಲ್ಲ ತಾಯಂದಿರೂ ಸರಿಯಾಗಿ ಎದೆಹಾಲು ಕೊಡುವಂತಾದರೆ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪಿಸಬಹುದು ಅಂತ ಅದೇ ಸರಣಿ ಅಂದಾಜು ಮಾಡಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇದು ಜೀವ ಉಳಿಸುವ ಮಾತು. ಕುಡಿಯುವ ನೀರು ಚೊಕ್ಕಟ ಇಲ್ಲದ ಕಡೆ, ಆಸ್ಪತ್ರೆ ದೂರ ಇರುವ ಕಡೆ ವ್ಯತ್ಯಾಸ ದೊಡ್ಡದು. ನೀರು ಶುದ್ಧ ಇದ್ದು, ಡಾಕ್ಟರು ಹತ್ತಿರ ಇರುವ ಕಡೆ ವ್ಯತ್ಯಾಸ ಚಿಕ್ಕದಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಅಲ್ಲೂ ಕಿವಿ ಸೋಂಕು, ಭೇದಿ ಕಡಿಮೆ. ಎರಡು ತಿಂಗಳಾದರೂ ಎದೆಹಾಲು ಕುಡಿದ ಕೂಸುಗಳಲ್ಲಿ ನಿದ್ದೆಯಲ್ಲೇ ದಿಢೀರ್ ಸಾಯುವ ಪ್ರಮಾಣ ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆ ಅಂತಲೂ ಕಂಡಿದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಕತೆ ಬೇರೆಯೇ. ಅವುಗಳ ಕರುಳು ಎಳಸು, ಕರುಳೇ ಕೊಳೆಯುವಂಥ ಭಯಂಕರ ಕಾಯಿಲೆ ಅವುಗಳಿಗೆ ಬರಬಹುದು. ಅಲ್ಲಿ ತಾಯಿಯ ಹಾಲು, ಅದು ಸಿಗದಿದ್ದರೆ ಹಾಲಿನ ಬ್ಯಾಂಕಿನಿಂದ ಬಂದ ಬೇರೆ ತಾಯಿಯ ಹಾಲು, ಡಬ್ಬದ ಹಾಲಿಗಿಂತ ಕಡಿಮೆ ಅಪಾಯದ್ದು. ಇದನ್ನು ದಪ್ಪಕ್ಷರದಲ್ಲಿ ಹಾಕಿದರೂ ತಪ್ಪಿಲ್ಲ.

ಯಾಕೆ ಹೀಗೆ ಅನ್ನುವುದೂ ಈಗ ಸಾಕಷ್ಟು ತಿಳಿದಿದೆ. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲಿದೆಯಲ್ಲ, ಅಳತೆ ನೋಡಿದರೆ ಒಂದೊಂದು ಸಲಕ್ಕೆ ಒಂದೆರಡು ಚಮಚವೂ ಇರುವುದಿಲ್ಲ. ಆದರೆ ಅದರಲ್ಲಿ ರೋಗ ತಡೆಯುವ ಪ್ರತಿಕಾಯಗಳು ತುಂಬಿರುತ್ತವೆ. ಅವು ಮಗುವಿನ ಗಂಟಲು, ಕರುಳಿನ ಒಳಮೈಗೆ ಅಂಟಿಕೊಂಡು ಕ್ರಿಮಿಗಳು ಒಳಗೆ ಹೋಗದಂತೆ ತಡೆಯುತ್ತವೆ. ಇನ್ನೂ ಒಂದು ವಿಷಯ ಇದೆ, ನನಗೆ ಪ್ರತಿ ಸಲ ಆಶ್ಚರ್ಯ ಹುಟ್ಟಿಸುವಂಥದ್ದು. ತಾಯಿಯ ಕರುಳಿಗೋ ಶ್ವಾಸಕೋಶಕ್ಕೋ ಹೊಸ ಕ್ರಿಮಿ ಬಂತು ಅಂದುಕೊಳ್ಳಿ. ಅದನ್ನು ಗುರುತಿಸಿದ ಅವಳ ರಕ್ಷಣಾ ಕೋಶಗಳು ಎದೆಯವರೆಗೆ ಬಂದು, ಅದೇ ಕ್ರಿಮಿಗೆ ಬೇಕಾದ ಪ್ರತಿಕಾಯವನ್ನು ಹಾಲಿಗೆ ಬಿಡುತ್ತವೆ. ತಾಯಿ ಮಗು ಒಂದೇ ಮನೆಯಲ್ಲಿ ಒಂದೇ ಗಾಳಿ ಉಸಿರಾಡುವವರು, ಹಾಗಾಗಿ ಮಗುವಿಗೆ ಯಾವುದು ತಾಗಬಹುದೋ ಅದಕ್ಕೇ ತಯಾರಿ. ಇನ್ನು ಹಾಲಿನಲ್ಲಿ ಮಗು ಜೀರ್ಣ ಮಾಡಿಕೊಳ್ಳಲಾಗದ ಸಕ್ಕರೆಗಳಿವೆ, ನೂರಕ್ಕೂ ಹೆಚ್ಚು ಬಗೆಯವು. ಲ್ಯಾಕ್ಟೋಸ್ ಅನ್ನುವ ಸಕ್ಕರೆ ಮತ್ತು ಕೊಬ್ಬು ಬಿಟ್ಟರೆ ಹಾಲಿನ ಘನ ಪದಾರ್ಥದಲ್ಲಿ ಮೂರನೇ ಸ್ಥಾನ ಅವುಗಳದ್ದೇ. ಮಗುವಿಗೆ ಜೀರ್ಣವಾಗದ್ದು ಹಾಲಿನಲ್ಲಿ ಯಾಕಿರಬೇಕು? ಅದು ಮಗುವಿನ ಕರುಳಿನಲ್ಲಿ ಬೆಳೆಯಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಆ ಬ್ಯಾಕ್ಟೀರಿಯಾ ಬೆಳೆದು ಜಾಗ ಹಿಡಿದರೆ ಕೆಟ್ಟವುಗಳಿಗೆ ಜಾಗ ಇರುವುದಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಕೊಡಿ ಅಂತ ನಾವು ಒತ್ತಾಯ ಮಾಡುವುದು ಸುಮ್ನೆ ಅಲ್ಲ. ಘಾನಾದಲ್ಲಿ ಸುಮಾರು 11 ಸಾವಿರ ಕೂಸುಗಳನ್ನು ಗಮನಿಸಿದ ಅಧ್ಯಯನವೊಂದು 2006ರಲ್ಲಿ ಬಂತು. ಎಲ್ಲ ಮಕ್ಕಳಿಗೂ ಮೊದಲ ದಿನವೇ ಎದೆಹಾಲು ಶುರು ಮಾಡಿದರೆ ನವಜಾತ ಶಿಶುಗಳ ಸಾವಿನಲ್ಲಿ ಶೇ 16, ಮೊದಲ ಗಂಟೆಯಲ್ಲೇ ಶುರು ಮಾಡಿದರೆ ಶೇ 22 ತಪ್ಪಿಸಬಹುದು ಅಂತ ಅದು ಲೆಕ್ಕ ಹಾಕಿತು. ಆಮೇಲೆ ಘಾನಾ, ಭಾರತ, ತಾಂಜಾನಿಯಾ ಮೂರೂ ಕಡೆಯ ದೊಡ್ಡ ಅಧ್ಯಯನದಲ್ಲೂ ಇದೇ ಜಾಡು ಕಂಡಿತು. ತಡವಾದಷ್ಟೂ ಅಪಾಯ ಜಾಸ್ತಿ. ಇಷ್ಟು ದೊಡ್ಡ ವಿಷಯಕ್ಕೆ ನಿಮ್ಮ ಲೇಖನದಲ್ಲಿ ಸಿಕ್ಕಿದ್ದು ಅರ್ಧ ಸಾಲು, ಬುದ್ಧಿಗೆ ಒಂದು ಪೂರ್ತಿ ಪ್ಯಾರಾ. ನನಗೆ ಬೇಜಾರಾಗಿದ್ದು ಅದಕ್ಕೇ.

ಈಗ ಬುದ್ಧಿ, ಬೊಜ್ಜು, ಆಸ್ತಮಾ, ಅಲರ್ಜಿಯ ಮಾತಿಗೆ ಬರೋಣ. ಇಲ್ಲಿ ಸಂಶೋಧನೆ ಮಾಡುವುದೇ ಕಷ್ಟ. ಯಾಕೆ ಅಂದರೆ, ಈ ಮಗುವಿಗೆ ಎದೆಹಾಲು, ಆ ಮಗುವಿಗೆ ಬೇಡ ಅಂತ ಚೀಟಿ ಎತ್ತಿ ಹಂಚುವ ಹಾಗಿಲ್ಲ. ಅದು ಅನ್ಯಾಯ. ಹಾಗಾಗಿ ಬಹುಪಾಲು ಅಧ್ಯಯನಗಳು, ಕೊಟ್ಟವರ ಮಕ್ಕಳು ಹೇಗಿದ್ದಾರೆ, ಕೊಡದವರ ಮಕ್ಕಳು ಹೇಗಿದ್ದಾರೆ ಅಂತ ಹೋಲಿಸಿ ನೋಡಿದವು. ಆದರೆ ಬಹಳಷ್ಟು ಶ್ರೀಮಂತ ದೇಶಗಳಲ್ಲಿ ಹೆಚ್ಚು ಕಾಲ ಎದೆಹಾಲು ಕೊಡುವವರು ಯಾರು? ಹೆಚ್ಚು ಓದಿದವರು, ಸಂಬಳ ಚೆನ್ನಾಗಿರುವವರು, ರಜೆ ಸಿಗುವವರು, ಸಿಗರೇಟು ಸೇದದವರು. ಅವರ ಮಗು ಶಾಲೆಯಲ್ಲಿ ಮುಂದಿದ್ದರೆ ಅದು ಹಾಲಿನಿಂದಲೋ, ಮನೆಯಲ್ಲಿರುವ ಪುಸ್ತಕದಿಂದಲೋ, ಅಪ್ಪ ಅಮ್ಮನ ಜೊತೆ ಕಳೆಯುವ ಹೊತ್ತಿನಿಂದಲೋ, ಬಿಡಿಸಿ ಹೇಳುವುದು ಹೇಗೆ? ಲೆಕ್ಕಾಚಾರದಲ್ಲಿ ಇದನ್ನೆಲ್ಲ ಸರಿದೂಗಿಸಲು ನೋಡುತ್ತಾರೆ ನಿಜ, ಆದರೆ ಎಷ್ಟು ಸರಿದೂಗಿಸಿದರೂ ಏನೋ ಒಂದು ಉಳಿದೇ ಉಳಿಯುತ್ತದೆ.

ಇದಕ್ಕೊಂದು ಜಾಣ ದಾರಿ ಹುಡುಕಿದ್ದು ಕೆನಡಾದ ಸಂಶೋಧಕ ಮೈಕೆಲ್ ಕ್ರೇಮರ್ ಮತ್ತು ಅವರ ಜೊತೆಗಾರರು. ಬೆಲಾರೂಸ್ ದೇಶದಲ್ಲಿ 1996–97ರಲ್ಲಿ ಶುರುವಾದ ಪ್ರಯೋಗ. ತಾಯಂದಿರನ್ನು ಚೀಟಿ ಎತ್ತಿ ಹಂಚುವ ಬದಲು ಅವರು ಆಸ್ಪತ್ರೆಗಳನ್ನು ಹಂಚಿದರು. 31 ಆಸ್ಪತ್ರೆಗಳು, 17 ಸಾವಿರಕ್ಕೂ ಹೆಚ್ಚು ತಾಯಿ ಮಕ್ಕಳು. ಒಂದು ಗುಂಪಿನ ಆಸ್ಪತ್ರೆಗಳಲ್ಲಿ ಸಿಬ್ಬಂದಿಗೆ ಎದೆಹಾಲು ಕುಡಿಸಲು ಸಹಾಯ ಮಾಡುವ ತರಬೇತಿ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಮೊದಲು ಹೇಗೆ ನಡೆಯುತ್ತಿತ್ತೋ ಹಾಗೇ ಬಿಟ್ಟರು. ಎಲ್ಲ ತಾಯಂದಿರೂ ಹಾಲು ಕೊಡಲು ಶುರು ಮಾಡಿದವರೇ, ಯಾರಿಗೂ ಬೇಡ ಅಂದಿಲ್ಲ. ಆದರೆ ತರಬೇತಿ ಸಿಕ್ಕ ಕಡೆ ಮೂರು ತಿಂಗಳಾದಾಗ ಬರೀ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಶೇ 43, ಇನ್ನೊಂದು ಕಡೆ ಶೇ 6 ಮಾತ್ರ. ತಾಯಂದಿರು ಎರಡೂ ಕಡೆ ಒಂದೇ ಥರದವರು. ವ್ಯತ್ಯಾಸ ಬಂದಿದ್ದು ಪಕ್ಕದಲ್ಲಿ ನಿಂತು ಸಹಾಯ ಮಾಡಿದವರಿಂದ. ಈ ಒಂದು ಅಂಕಿಯನ್ನು ಎಲ್ಲ ಆಸ್ಪತ್ರೆಗಳ ಗೋಡೆಗೆ ಅಂಟಿಸಬೇಕು ಅಂತ ನನಗೆ ಅನಿಸುತ್ತದೆ.

ಮಕ್ಕಳ ಆರೋಗ್ಯಕ್ಕೆ ಏನಾಯಿತು? ಮೊದಲ ವರ್ಷದಲ್ಲಿ ಹೊಟ್ಟೆ ಕರುಳಿನ ಸೋಂಕು ಶೇ 13.2 ಇದ್ದದ್ದು ಶೇ 9.1 ಆಯಿತು. ಚರ್ಮ ಕೆಂಪಾಗಿ ತುರಿಸುವ ಎಕ್ಸಿಮಾ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಉಸಿರಾಟದ ಸೋಂಕಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಮಕ್ಕಳನ್ನು ಆರೂವರೆ ವರ್ಷಕ್ಕೆ ಮತ್ತೆ ನೋಡಿದರು. ಬೊಜ್ಜು, ರಕ್ತದೊತ್ತಡ, ಆಸ್ತಮಾ, ಅಲರ್ಜಿ, ಹಲ್ಲಿನ ಹುಳುಕು, ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಇಲ್ಲ! ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ಮಾತಿಗೆ ಸಂಬಂಧಿಸಿದ ಭಾಗದಲ್ಲಿ ಏಳೂವರೆ ಅಂಕ ಹೆಚ್ಚು ಬಂತು. ಇದು ದೊಡ್ಡ ಸುದ್ದಿಯಾಯಿತು, ಪತ್ರಿಕೆಗಳೆಲ್ಲ ಬರೆದವು. ಆದರೆ ಪರೀಕ್ಷೆ ಮಾಡಿದ ಡಾಕ್ಟರುಗಳಿಗೆ ಯಾವ ಮಗು ಯಾವ ಗುಂಪಿನದ್ದು ಅಂತ ಗೊತ್ತಿತ್ತು, ಆ ಕೊರತೆಯನ್ನು ಸಂಶೋಧಕರೇ ಒಪ್ಪಿಕೊಂಡಿದ್ದಾರೆ. ಮಕ್ಕಳಿಗೆ 16 ವರ್ಷವಾದಾಗ ಮತ್ತೊಮ್ಮೆ ನೋಡಿದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಗಿತ್ತು, ಮಾತಿನ ಭಾಗದಲ್ಲಿ ಒಂದೂವರೆ ಅಂಕದಷ್ಟು ಉಳಿದಿತ್ತು ಅಷ್ಟೆ. ಈ ಎರಡನೇ ಸುದ್ದಿ ಎಷ್ಟು ಪತ್ರಿಕೆಗಳಲ್ಲಿ ಬಂತು? ನಾನಂತೂ ಎಲ್ಲೂ ಓದಿದ ನೆನಪಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಇನ್ನೊಂದು ಕಡೆಗೆ ತಪ್ಪಾಗುತ್ತದೆ. ಬೆಲಾರೂಸ್ ಪ್ರಯೋಗ ಹೋಲಿಸಿದ್ದು ಎದೆಹಾಲು ಮತ್ತು ಡಬ್ಬದ ಹಾಲನ್ನಲ್ಲ. ಹೆಚ್ಚು ಎದೆಹಾಲು ಮತ್ತು ಕಡಿಮೆ ಎದೆಹಾಲನ್ನು. ಎರಡೂ ಗುಂಪಿನ ಮಕ್ಕಳು ಸ್ವಲ್ಪವಾದರೂ ಕುಡಿದವರೇ. ಹಾಗಾಗಿ ಅಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದ ತಕ್ಷಣ ಎದೆಹಾಲಿನಿಂದ ಪ್ರಯೋಜನವೇ ಇಲ್ಲ ಅಂತ ಅಲ್ಲ.

ಬ್ರೆಜಿಲ್ಲಿನ ಪೆಲೋಟಸ್ ನಗರದಲ್ಲಿ 1982ರಲ್ಲಿ ಹುಟ್ಟಿದ ಮಕ್ಕಳನ್ನು 30 ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೂ ಇದೆ. ಅದರ ವಿಶೇಷ ಏನೆಂದರೆ, ಆ ಊರಲ್ಲಿ ಆಗ ಬಡವರು ಶ್ರೀಮಂತರು ಅನ್ನದೆ ಎಲ್ಲ ಥರದವರೂ ಹೆಚ್ಚುಕಡಿಮೆ ಒಂದೇ ರೀತಿ ಎದೆಹಾಲು ಕೊಡುತ್ತಿದ್ದರು. ಅಲ್ಲಿ ಒಂದು ವರ್ಷ ಅಥವಾ ಹೆಚ್ಚು ಕುಡಿದವರಿಗೆ, ಒಂದು ತಿಂಗಳೊಳಗೆ ನಿಂತವರಿಗಿಂತ ಐಕ್ಯೂನಲ್ಲಿ, ಅಂದರೆ ಬುದ್ಧಿಯ ಪರೀಕ್ಷೆಯಲ್ಲಿ, ಸುಮಾರು 3.8 ಅಂಕ ಜಾಸ್ತಿ ಇತ್ತು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಒಂದೇ ಮನೆಯ ಒಡಹುಟ್ಟಿದವರನ್ನು ಹೋಲಿಸಿತು. ಅಣ್ಣ ಎದೆಹಾಲು ಕುಡಿದವನು, ತಂಗಿ ಬಾಟಲಿ ಹಾಲು ಕುಡಿದವಳು ಅಂತಿಟ್ಟುಕೊಳ್ಳಿ. ಅಪ್ಪ ಅಮ್ಮ ಅವರೇ, ಮನೆ ಅದೇ. ಹಾಗೆ ನೋಡಿದಾಗ 4ರಿಂದ 14 ವರ್ಷದ ಮಕ್ಕಳಲ್ಲಿ ತೂಕ, ಓದು, ನಡವಳಿಕೆ ಹೀಗೆ 11 ವಿಷಯಗಳಲ್ಲಿ 10ರಲ್ಲಿ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ. ಬೇರೆ ಬೇರೆ ಮನೆಯ ಮಕ್ಕಳನ್ನು ಹೋಲಿಸಿದಾಗ ಕಂಡ ಲಾಭದಲ್ಲಿ ಬಹುಪಾಲು ಒಂದೇ ಮನೆಯೊಳಗೆ ನೋಡಿದಾಗ ಇಲ್ಲವಾಯಿತು.

ಇಷ್ಟನ್ನೆಲ್ಲ ಇಟ್ಟುಕೊಂಡು ನಾನು ಅರ್ಥ ಮಾಡಿಕೊಂಡಿದ್ದು ಇದು. ಬುದ್ಧಿಗೆ ಸ್ವಲ್ಪ ಲಾಭ ಇರಬಹುದು, ಇದ್ದರೂ ಕೆಲವೇ ಅಂಕ. ಬೊಜ್ಜಿನ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಆಸ್ತಮಾ ಅಲರ್ಜಿಯ ಬಗ್ಗೆ ಎದೆ ತಟ್ಟಿ ಹೇಳುವಷ್ಟು ಸಾಕ್ಷಿ ಇಲ್ಲ. ಮೂರ್ನಾಲ್ಕು ಅಂಕದ ಮಾತನ್ನು ಹಿಡಿದುಕೊಂಡು, ಕೊಡಲಾಗದ ತಾಯಿಗೆ ನಿನ್ನ ಮಗು ದಡ್ಡ ಆಗುತ್ತದೆ ಅನ್ನುವಂತೆ ಬರೆಯುವುದು ವಿಜ್ಞಾನವೂ ಅಲ್ಲ, ಮನುಷ್ಯತ್ವವೂ ಅಲ್ಲ.

ತಾಯಿಯ ಆರೋಗ್ಯದ ಬಗ್ಗೆ ಲೇಖನದಲ್ಲಿ ಏನೂ ಇರಲಿಲ್ಲ. ಇರಬೇಕಿತ್ತು. 30 ದೇಶಗಳ 47 ಅಧ್ಯಯನಗಳನ್ನು ಸೇರಿಸಿ 2002ರಲ್ಲಿ ಬಂದ ವರದಿ ಪ್ರಕಾರ, ಒಟ್ಟು ಒಂದು ವರ್ಷ ಹಾಲೂಡಿಸಿದರೆ ಸ್ತನ ಕ್ಯಾನ್ಸರಿನ ಅಪಾಯ ಶೇ 4.3ರಷ್ಟು ಕಡಿಮೆಯಾಗುತ್ತದೆ, ಪ್ರತಿ ವರ್ಷಕ್ಕೂ ಅಷ್ಟಷ್ಟು. ಹೆರಿಗೆಯಾದ ಕೂಡಲೇ ಮಗು ಚೀಪಿದಾಗ ಗರ್ಭಕೋಶ ಬಿಗಿಯಾಗುತ್ತದೆ, ಅದನ್ನು ನಾವು ಕೈಯಿಟ್ಟು ನೋಡಿದರೇ ತಿಳಿಯುತ್ತದೆ. ಎಲ್ಲವನ್ನೂ ಮಗುವಿಗೋಸ್ಕರ ಅಂತಲೇ ಹೇಳುತ್ತಾ ಹೋದರೆ ಆ ಹೆಂಗಸಿನ ಮೈ ಅವಳದ್ದೂ ಹೌದು ಅನ್ನುವುದೇ ಮರೆತುಹೋಗುತ್ತದೆ.

ಇನ್ನು ನನ್ನ ದೊಡ್ಡ ತಕರಾರು. ಯಾಕೆ ಕೊಡಬೇಕು ಅಂತ ಎರಡು ಪುಟ ಬರೆದಿದ್ದೀರಿ, ಹೇಗೆ ಕೊಡಬೇಕು ಅಂತ ಒಂದು ಮಾತಿಲ್ಲ. ವಾರ್ಡಿನಲ್ಲಿ ಯಾಕೆ ಅಂತ ಕೇಳುವ ತಾಯಿ ಅಪರೂಪ. ಸಿಸ್ಟರ್, ಮಗು ಹಿಡೀತಾನೇ ಇಲ್ಲ, ನೋಯ್ತಿದೆ, ಏನು ಮಾಡ್ಲಿ ಅಂತಲೇ ಎಲ್ಲರೂ ಕೇಳುವುದು.

ನೋವಾಗುತ್ತಿದೆ ಅಂದರೆ ಹತ್ತರಲ್ಲಿ ಎಂಟು ಸಲ ಮಗು ಬರೀ ತೊಟ್ಟನ್ನು ಹಿಡಿದಿರುತ್ತದೆ, ಇದು ನನ್ನ ಅನುಭವ. ತೊಟ್ಟನ್ನಷ್ಟೇ ಚೀಪಿದರೆ ಹಾಲೂ ಬರುವುದಿಲ್ಲ, ತೊಟ್ಟೂ ಒಡೆಯುತ್ತದೆ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಹಿಡಿದು, ಅದರ ಮೂಗು ತೊಟ್ಟಿನ ನೇರಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ತೊಟ್ಟನ್ನು ಮೇಲ್ತುಟಿಗೆ ಮೆಲ್ಲಗೆ ತಾಗಿಸಿ ಕಾಯಬೇಕು. ಇಲ್ಲಿ ಅವಸರ ಮಾಡಬಾರದು. ಮಗು ಆಕಳಿಸುವಂತೆ ಬಾಯಿ ಅಗಲ ಮಾಡಿದ ಆ ಕ್ಷಣಕ್ಕೆ ಮಗುವನ್ನು ಎದೆಗೆ ತರಬೇಕು, ಎದೆಯನ್ನು ಮಗುವಿನ ಕಡೆ ಬಗ್ಗಿಸಬಾರದು. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ಕಪ್ಪು ಭಾಗ ಕಂಡರೂ ಮೇಲ್ಗಡೆ ಹೆಚ್ಚು ಕಾಣಬೇಕು, ಕೆಳಗಡೆ ಕಡಿಮೆ. ಕೆನ್ನೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಹಿಡಿತ ಸರಿಯಿಲ್ಲ ಅಂತಲೇ. ಮೊದಲು ಬೇಗ ಬೇಗ ಚೀಪುತ್ತದೆ, ಹಾಲು ಇಳಿಯಲು ಶುರುವಾದ ಮೇಲೆ ಚೀಪುವುದು ನಿಧಾನವಾಗಿ, ಆಳವಾಗಿ, ನಡುನಡುವೆ ನುಂಗುವ ಸದ್ದು ಕೇಳಿಸುತ್ತದೆ. ಆ ಸದ್ದು ಕೇಳಿದಾಗ ಎಷ್ಟೋ ತಾಯಂದಿರ ಭುಜ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಬಿಗಿ ಹಿಡಿದುಕೊಂಡು ಕೂತಿರುತ್ತಾರೆ. ಹಿಡಿತ ತಪ್ಪಿದ್ದರೆ ಎಳೆಯಬಾರದು, ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಶುರು ಮಾಡಬೇಕು. ಇದನ್ನು ಚಿತ್ರ ಸಮೇತ ಅರ್ಧ ಪುಟ ಹಾಕಿದ್ದರೆ ಆ ಪುರವಣಿಯನ್ನು ನಾನೇ ವಾರ್ಡಿನಲ್ಲಿ ಹಂಚುತ್ತಿದ್ದೆ.

ಎರಡನೇ ಹೆದರಿಕೆ ಹಾಲು ಸಾಲುತ್ತಿಲ್ಲ ಅನ್ನುವುದು. ಎದೆಹಾಲು ನಿಲ್ಲಿಸುವುದಕ್ಕೆ ಜಗತ್ತಿನಾದ್ಯಂತ ತಾಯಂದಿರು ಕೊಡುವ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಮೊದಲ ಎರಡು ಮೂರು ದಿನ ಹಾಲು ಕಡಿಮೆ ಇರುವುದು ಸಹಜ. ಮಾಸು ಹೊರಬಂದ ಮೇಲೆ ದೇಹದಲ್ಲಿ ಹಾರ್ಮೋನುಗಳ ಲೆಕ್ಕ ಬದಲಾಗಿ ಹಾಲು ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕು. ಆಮೇಲೆ ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ. ಸಂಜೆ ಹೊತ್ತು ಮಗು ಮೇಲಿಂದ ಮೇಲೆ ಕೇಳುವುದು, ಸುಮ್ಮಸುಮ್ಮನೆ ಅಳುವುದು, ಅದರಲ್ಲೂ ಆರು ವಾರದ ಹೊತ್ತಿಗೆ ಅಳು ಜೋರಾಗುವುದು, ಇವೆಲ್ಲ ಹಾಲಿಲ್ಲ ಅನ್ನುವುದಕ್ಕೆ ಗುರುತಲ್ಲ. ಆದರೆ ಅಳು ಕೇಳಿದ ತಕ್ಷಣ ಬಾಟಲಿ ಬರುತ್ತದೆ, ಬಾಟಲಿ ಕುಡಿದ ಮಗು ಎದೆಗೆ ಬರುವುದಿಲ್ಲ, ಎದೆ ಖಾಲಿಯಾಗದೆ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಹಾಗಂತ ನೀರು ಕುಡಿಸುವುದೂ ಬೇಡ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ, ಮೊದಲ ಆರು ತಿಂಗಳು ಸೆಕೆಗಾಲದಲ್ಲೂ ಬೇರೆ ನೀರು ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ಎದೆಹಾಲಿನ ಪರ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಸಾಲುವುದಿಲ್ಲ, ಅಥವಾ ತಡವಾಗಿ ಬರುತ್ತದೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋದವರು, ಮಾಸಿನ ಚೂರು ಒಳಗೇ ಉಳಿದವರು, ಸ್ತನದ ಆಪರೇಷನ್ ಆದವರು, ಥೈರಾಯ್ಡ್ ತೊಂದರೆ ಇರುವವರು, ಎದೆಯಲ್ಲಿ ಹಾಲಿನ ಗ್ರಂಥಿಗಳೇ ಕಡಿಮೆ ಬೆಳೆದವರು. ಸಿಸೇರಿಯನ್ ಆದವರಿಗೆ, ಮಧುಮೇಹ ಇರುವವರಿಗೆ, ಚೊಚ್ಚಲು ಹೆರಿಗೆಯವರಿಗೆ ತಡವಾಗುವುದುಂಟು. ಎಲ್ಲ ತಾಯಂದಿರಿಗೂ ಹಾಲು ಬಂದೇ ಬರುತ್ತದೆ ಅಂತ ಹೇಳಿ ಅವರನ್ನು ಮನೆಗೆ ಕಳಿಸಿದರೆ ಮಗುವಿನ ಮೈಯಲ್ಲಿ ನೀರು ಬತ್ತಿ, ರಕ್ತದಲ್ಲಿ ಉಪ್ಪು ಏರಿ, ಜೀವಕ್ಕೇ ಕುತ್ತು ಬರಬಹುದು. ಇಂಥ ಮಗು ಜೋರಾಗಿ ಅಳುವುದೂ ಇಲ್ಲ, ಸುಸ್ತಾಗಿ ನಿದ್ದೆ ಹೋಗುತ್ತದೆ, ಮನೆಯವರು ಪಾಪ ಒಳ್ಳೆಯ ಮಗು ಅಂದುಕೊಳ್ಳುತ್ತಾರೆ.

ಹಾಗಾದರೆ ನೋಡಬೇಕಾದ್ದು ಏನು? ಒದ್ದೆ ಬಟ್ಟೆ ಎಣಿಸಿ. ಐದನೇ ದಿನದ ನಂತರ ದಿನಕ್ಕೆ ಆರಾದರೂ ಒದ್ದೆಯಾಗಬೇಕು, ಮೂತ್ರ ತಿಳಿಯಾಗಿರಬೇಕು. ಮೊದಲ ಕಪ್ಪು ಮಲ ಅಷ್ಟೊತ್ತಿಗೆ ಹಳದಿಗೆ ತಿರುಗಿರಬೇಕು. ಹುಟ್ಟಿದ ತೂಕದಲ್ಲಿ ಸ್ವಲ್ಪ ಇಳಿಯುವುದು ಸಹಜ, ಆದರೆ ಶೇ 10ರ ಹತ್ತಿರ ಹೋದರೆ ಕಾಯದೆ ಡಾಕ್ಟರಿಗೆ ತೋರಿಸಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದಿರಬೇಕು. ಮಗುವನ್ನು ಎಬ್ಬಿಸಿದರೂ ಏಳುತ್ತಿಲ್ಲ, ಕುಡಿಯುತ್ತಿಲ್ಲ ಅಂದರೆ ಅದು ತುರ್ತು. ಅಗತ್ಯ ಬಿದ್ದಾಗ ಮೇಲುಹಾಲು ಕೊಡುವುದು ಸೋಲಲ್ಲ, ಅದು ಚಿಕಿತ್ಸೆ. ತಾಯಿಯ ಹಾಲು ಹೆಚ್ಚಿಸುವ ಪ್ರಯತ್ನ ಅದರ ಜೊತೆಗೇ ನಡೆಯಬಹುದು. ಹಾಗೆಯೇ ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆ, ಅದಕ್ಕೇ ಮಕ್ಕಳ ಡಾಕ್ಟರುಗಳು ದಿನಕ್ಕೆ 400 ಯೂನಿಟ್ಟಿನ ಹನಿ ಬರೆದುಕೊಡುತ್ತಾರೆ. ಆರು ತಿಂಗಳ ನಂತರ ಹಾಲಿನಲ್ಲಿರುವ ಕಬ್ಬಿಣದ ಅಂಶ ಮಗುವಿಗೆ ಸಾಲುವುದಿಲ್ಲ, ಊಟ ಶುರು ಮಾಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಅನ್ನುವುದು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ.

ಡಬ್ಬದ ಹಾಲು ಕೊಡಲೇಬೇಕಾದವರಿಗೆ ನಾವು ಮುಖ ಗಂಟಿಕ್ಕಿಕೊಂಡು ಏನೂ ಹೇಳಿಕೊಡದೆ ಕಳಿಸುತ್ತೇವೆ. ಇದು ಬಹಳ ದೊಡ್ಡ ತಪ್ಪು. ಪುಡಿ ಹಾಲು ಕ್ರಿಮಿರಹಿತ ಅಲ್ಲ ಅಂತ ಎಷ್ಟು ಜನಕ್ಕೆ ಗೊತ್ತು? ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಬೇಕು, ಆಗ ಪುಡಿಯಲ್ಲಿರುವ ಕ್ರಿಮಿ ಸಾಯುತ್ತದೆ, ಆಮೇಲೆ ಆರಿಸಿ ಕುಡಿಸಬೇಕು. ಡಬ್ಬ ಬೇಗ ಖಾಲಿಯಾಗುತ್ತದೆ ಅಂತ ನೀರು ಜಾಸ್ತಿ ಮಾಡಿದರೆ ಮಗು ಸೊರಗುತ್ತದೆ. ಉಳಿದದ್ದನ್ನು ಇಟ್ಟು ಮತ್ತೆ ಕುಡಿಸಬಾರದು. ಈ ಮಾತು ಹೇಳಿಕೊಟ್ಟರೆ ಎದೆಹಾಲಿಗೆ ದ್ರೋಹ ಮಾಡಿದಂತಲ್ಲ.

ದ್ರೋಹ ಬೇರೆ ಕಡೆ ನಡೆಯುತ್ತದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಬಾಣಂತಿ ಕೇಳುವ ಮೊದಲೇ, ಮಗುವನ್ನು ಎದೆಗೆ ಹಾಕಿ ನೋಡುವ ಮೊದಲೇ, ಡಬ್ಬದ ಹೆಸರು ಚೀಟಿಯಲ್ಲಿ ಬರೆದಾಗಿರುತ್ತಿತ್ತು. ನಾವು ಮೂರು ಪಾಳಿಯಲ್ಲೂ ಪಕ್ಕ ಕೂತು ಕಲಿಸಿದ್ದು ಆ ಒಂದು ಚೀಟಿಯಿಂದ ಹಾಳಾಗುತ್ತಿತ್ತು. 1981ರಲ್ಲೇ ವಿಶ್ವ ಆರೋಗ್ಯ ಅಧಿವೇಶನ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ, ಹಾಲಿನ ಪುಡಿಯ ಮಾರಾಟಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಒಪ್ಪಿತು. ಜನರಿಗೆ ಜಾಹೀರಾತು ಬೇಡ, ತಾಯಂದಿರಿಗೆ ಉಚಿತ ಸ್ಯಾಂಪಲ್ ಬೇಡ, ಡಬ್ಬದ ಮೇಲೆ ಮುದ್ದು ಮಗುವಿನ ಚಿತ್ರ ಬೇಡ ಅಂತ ಅದರಲ್ಲಿದೆ. 118 ದೇಶಗಳು ಪರ, ಅಮೆರಿಕ ಒಂದೇ ವಿರೋಧ. ಆ ನಿಯಮ ಬಂದು ಇಷ್ಟು ವರ್ಷವಾದರೂ ಕಂಪನಿಗಳು ಫೋನಿನ ಪರದೆಯ ಮೂಲಕ ತಾಯಂದಿರನ್ನು ಮುಟ್ಟುತ್ತಲೇ ಇವೆ. ಮಗು ಅಳುವುದು, ಉಗುಳುವುದು, ರಾತ್ರಿ ಏಳುವುದು, ಎಲ್ಲವನ್ನೂ ಕಾಯಿಲೆಯಂತೆ ತೋರಿಸಿ ಅದಕ್ಕೊಂದು ವಿಶೇಷ ಪುಡಿ ಇದೆ ಅನ್ನುತ್ತವೆ. ಬುದ್ಧಿ ಚುರುಕಾಗುತ್ತದೆ ಅಂತ ಡಬ್ಬದ ಮೇಲೆ ಬರೆದರೆ ನಮಗೆ ಸಿಟ್ಟು ಬರುತ್ತದೆ ಅಲ್ವಾ? ಹಾಗಿದ್ದ ಮೇಲೆ ಅದೇ ಆಸೆ ತೋರಿಸಿ ಎದೆಹಾಲನ್ನೂ ಮಾರುವುದು ನಮಗೆ ಬೇಕಾ?

ಮತ್ತೆ, ಎಲ್ಲವನ್ನೂ ತಾಯಿಯ ಮನಸ್ಸಿನ ಮೇಲೆ ಹಾಕಬೇಡಿ. ಕಲಿತವರು ಪಕ್ಕದಲ್ಲಿದ್ದು ಮತ್ತೆ ಮತ್ತೆ ಸಹಾಯ ಮಾಡಿದರೆ ತಾಯಂದಿರು ಹೆಚ್ಚು ಕಾಲ ಹಾಲು ಕೊಡುತ್ತಾರೆ ಅಂತ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ, ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಸ್ಪಷ್ಟವಾಗಿ ಹೇಳಿದ್ದಾರೆ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಕನಿಷ್ಠ 14 ವಾರ ಹೆರಿಗೆ ರಜೆ, ಕೆಲಸದ ನಡುವೆ ಹಾಲೂಡಿಸಲು ಬಿಡುವು ಸಿಗಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದಲ್ಲೇ ಹೇಳಿದೆ. 14 ವಾರ ಅಂದರೆ ಮೂರು ತಿಂಗಳು ಚಿಲ್ಲರೆ. ಬರೀ ಎದೆಹಾಲು ಕೊಡಿ ಅನ್ನುವುದು ಆರು ತಿಂಗಳು. ಉಳಿದ ದಿನಗಳಿಗೆ ಆ ತಾಯಿ ಹಾಲು ಹಿಂಡಿ ಇಟ್ಟು ಹೋಗಬೇಕು, ಹಿಂಡುವುದಕ್ಕೆ ಕೆಲಸದ ಜಾಗದಲ್ಲಿ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಬೇಕು, ಇಡುವುದಕ್ಕೆ ಫ್ರಿಜ್ ಬೇಕು, ಅರ್ಧ ಗಂಟೆ ಎದ್ದು ಹೋದರೆ ಗೊಣಗದ ಮೇಲಧಿಕಾರಿ ಬೇಕು. ದಿನಗೂಲಿಯವರಿಗೆ, ಬೇರೆಯವರ ಮನೆಯಲ್ಲಿ ದುಡಿಯುವವರಿಗೆ ಇದರಲ್ಲಿ ಒಂದೂ ಇರುವುದಿಲ್ಲ. ಅವರಿಗೆ ಎದೆಹಾಲಿನ ಮಹತ್ವ ಬೋಧಿಸಿ ಏನು ಉಪಯೋಗ ಹೇಳಿ?

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಆ ಬುದ್ಧಿಯ ಸಾಲಿಗೆ ಒಂದು ತಿದ್ದುಪಡಿ ಹಾಕಿ, ಲೇಖನ ಬಂದ ಅದೇ ಪುಟದಲ್ಲಿ ಹಾಕಿ. ಮುಂದಿನ ಸಲ ಸೋಂಕಿನ ವಿಷಯ ಮೊದಲು ಬರಲಿ, ಮಗುವನ್ನು ಎದೆಗೆ ಹಿಡಿಯುವ ಕ್ರಮಕ್ಕೆ ಚಿತ್ರ ಇರಲಿ, ಒದ್ದೆ ಬಟ್ಟೆಯ ಲೆಕ್ಕ ಮತ್ತು ತೂಕದ ಲೆಕ್ಕ ಒಂದು ಚೌಕಟ್ಟಿನಲ್ಲಿ ಇರಲಿ, ಯಾವಾಗ ಕಾಯದೆ ಡಾಕ್ಟರಿಗೆ ತೋರಿಸಬೇಕು ಅನ್ನುವುದು ದಪ್ಪಕ್ಷರದಲ್ಲಿ ಇರಲಿ. ಬರೆಯುವವರಿಗೆ ಬೇಕಿದ್ದರೆ ಎದೆಹಾಲು ಕುಡಿಸಲು ಕಲಿಸುವ ನರ್ಸುಗಳನ್ನು ಮಾತಾಡಿಸಲಿ, ನಮ್ಮಂಥವರು ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಇದ್ದೇವೆ, ರಾತ್ರಿ ಪಾಳಿಯಲ್ಲಂತೂ ಖಂಡಿತ ಸಿಗುತ್ತೇವೆ.

ಇಂತಿ,
ಪ್ರಸೂತಿ ವಾರ್ಡಿನ ಒಬ್ಬ ನರ್ಸ್